ಇಂಟರ್‌ಸೆಪ್ಟರ್ 650ಕ್ಕೆ ಎರಡೂಕಾಲು ಲಕ್ಷದ ಎಂಜಿನ್ ಕೆಲಸ: ಮಾಡಿಸಬೇಕೇ, ಬಿಡಬೇಕೇ?

ಪುತ್ತೂರು_ಪಯಣಿಗ (ಪ್ರಶ್ನೆ)

ನನ್ನ ಬಳಿ ಇರುವುದು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. ಐದು ವರ್ಷಗಳಲ್ಲಿ 38,000 ಕಿಲೋಮೀಟರ್ ಓಡಿದೆ. ಎಂಜಿನ್ ಬಿಚ್ಚುವ ಪ್ರಮೇಯ ಒಮ್ಮೆಯೂ ಬಂದಿಲ್ಲ. ತಿಂಗಳಿಗೊಮ್ಮೆ ಪತ್ನಿಯೊಡನೆ ಬೆಂಗಳೂರಿನಿಂದ ಪುತ್ತೂರಿಗೆ ಹೋಗಿ ಬರುತ್ತೇನೆ. ಮರಳುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಲ್ಲಿ ಟ್ಯಾಂಕರ್‌ಗಳ ಸಾಲು ಸಿಕ್ಕಿತೆಂದರೆ, ಓವರ್‌ಟೇಕ್ ಮಾಡಲು ಬಲಕ್ಕೆ ಬಂದ ಗಾಡಿ ಅರ್ಧದಲ್ಲೇ ಏದುಸಿರು ಬಿಟ್ಟಂತಾಗುತ್ತದೆ. ಇಬ್ಬರ ತೂಕ, ಎರಡು ಬ್ಯಾಗು, ಏರು ರಸ್ತೆ ಎಲ್ಲವೂ ಸೇರಿದರೆ ಹಾಗಾಗುವುದು ಸಹಜವೇ ಇರಬಹುದು.

ಪರಿಚಯದ ಒಂದು ವರ್ಕ್‌ಶಾಪ್‌ನವರು ಎರಡು ದಾರಿ ಹೇಳಿದ್ದಾರೆ. ಮೊದಲನೆಯದು ಎಕ್ಸಾಸ್ಟ್, ಏರ್ ಫಿಲ್ಟರ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್, ಒಟ್ಟು 75 ಸಾವಿರ ರೂಪಾಯಿ. ಎರಡನೆಯದು ಇವುಗಳ ಜೊತೆಗೆ 865 ಸಿಸಿ ಬಿಗ್ ಬೋರ್ ಕಿಟ್ (ಹೆಚ್ಚು ಅಗಲದ ಸಿಲಿಂಡರ್, ಪಿಸ್ಟನ್), ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಮತ್ತು ಕ್ಲಚ್ ಸೇರಿ ಎರಡೂಕಾಲು ಲಕ್ಷ. ಸಾಲ ಮಾಡಬೇಕಾಗಿಲ್ಲವಾದರೂ ಅದು ನನಗೆ ಸಣ್ಣ ಮೊತ್ತವಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೇ_ಸ್ಪ್ಯಾನರ್

ಎಷ್ಟು ಕುದುರೆಶಕ್ತಿ ಹೆಚ್ಚಾಗುತ್ತದೆ ಎಂದು ಕೇಳುವ ಮೊದಲು, ನೀವು ಓವರ್‌ಟೇಕ್ ಮಾಡಲು ಹೊರಟ ಆ ಕ್ಷಣದಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಮುಳ್ಳು ಎಲ್ಲಿರುತ್ತದೆ ಎಂಬುದನ್ನು ಗಮನಿಸಿ. ಈ ಎಂಜಿನ್ನಿನ ಗರಿಷ್ಠ ಶಕ್ತಿ ಸುಮಾರು 47 ಪಿಎಸ್, ಅಂದರೆ ಕುದುರೆಶಕ್ತಿ. ಅದು ಸಿಗುವುದು 7,000 ಆರ್‌ಪಿಎಂ ದಾಟಿದ ಮೇಲೆ. ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 52 ಎನ್‌ಎಂ (ನ್ಯೂಟನ್ ಮೀಟರ್), 5,250ರ ಹತ್ತಿರ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,023ರಿಂದ ಭಾಗಿಸಿದರೆ ಆ ಕ್ಷಣದ ಶಕ್ತಿ ಪಿಎಸ್ ಲೆಕ್ಕದಲ್ಲಿ ಸಿಗುತ್ತದೆ. 4,000 ಆರ್‌ಪಿಎಂನಲ್ಲಿ 45 ಎನ್‌ಎಂ ಸಿಗುತ್ತದೆಂದು ಇಟ್ಟುಕೊಂಡರೂ ನಿಮ್ಮ ಕೈಯಲ್ಲಿರುವುದು ಸುಮಾರು 26 ಪಿಎಸ್ ಮಾತ್ರ. ಅದೇ ಗಾಡಿಯನ್ನು ಎರಡು ಗೇರ್ ಇಳಿಸಿ ಮುಳ್ಳನ್ನು 5,250ಕ್ಕೆ ತಂದರೆ 39 ಪಿಎಸ್ ಸಿಗುತ್ತದೆ. ಈ ಹದಿಮೂರು ಪಿಎಸ್‌ಗೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ, ಎಡಗಾಲಿಗೆ ಸ್ವಲ್ಪ ಕೆಲಸ ಕೊಟ್ಟರೆ ಸಾಕು. ಈ ಗಾಡಿ ಕಡಿಮೆ ಆರ್‌ಪಿಎಂನಲ್ಲೂ ನಯವಾಗಿ ಎಳೆಯುವುದರಿಂದ ನಮ್ಮಲ್ಲಿ ಹೆಚ್ಚಿನವರು ಐದು ಆರನೇ ಗೇರಿನಲ್ಲೇ ಘಾಟಿ ಹತ್ತಲು ನೋಡುತ್ತೇವೆ. ಆ ಅಭ್ಯಾಸ ನನಗೂ ಇತ್ತು.

ಮೊದಲ ದಾರಿ, ಅಂದರೆ ಎಕ್ಸಾಸ್ಟ್, ಫಿಲ್ಟರ್ ಮತ್ತು ಟ್ಯೂನ್, ಸಾಮಾನ್ಯವಾಗಿ ಕೊಡುವುದು ಕೆಲವೇ ಪಿಎಸ್. ಅದೂ ಮುಳ್ಳು ಮೇಲಿರುವಾಗ, ನೀವು ಹೆಚ್ಚು ಹೋಗದ ಕಡೆ. ಶಬ್ದ ಬದಲಾದದ್ದರಿಂದ ಗಾಡಿ ಜೋರಾಗಿ ಓಡುತ್ತಿದೆ ಎಂದು ಕಿವಿ ನಂಬುತ್ತದೆ, ಸ್ಟಾಪ್‌ವಾಚ್ ನಂಬುವುದಿಲ್ಲ.

ಎರಡನೆಯ ದಾರಿಯಲ್ಲಿ ಹುರುಳಿದೆ ಎಂಬುದನ್ನು ಒಪ್ಪಬೇಕು. ಮೂಲ ಬೋರ್ (ಸಿಲಿಂಡರಿನ ಅಗಲ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 67.8 ಮಿ.ಮೀ. ಬೋರ್ ಸುಮಾರು 90ಕ್ಕೆ ಹೋದಾಗ ಸಿಲಿಂಡರಿನ ಗಾತ್ರ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ, ಮತ್ತು ಆ ಲಾಭ ಕೆಳಗಿನ ಆರ್‌ಪಿಎಂನಲ್ಲೂ ಸಿಗುತ್ತದೆ. ಆದರೆ ಜೊತೆಗೆ ಕೊಡುವ ಕ್ಯಾಮ್ ಯಾವ ಸ್ವಭಾವದ್ದು ಎಂಬುದನ್ನು ಬಿಡಿಸಿ ಕೇಳಿ. ಮೇಲಿನ ಆರ್‌ಪಿಎಂಗಾಗಿಯೇ ಮಾಡಿದ ಕ್ಯಾಮ್ ಆದರೆ, ಬೋರ್‌ನಿಂದ ಗಳಿಸಿದ್ದನ್ನು ಕೆಳಗಡೆ ಸ್ವಲ್ಪ ಕಳೆದುಕೊಳ್ಳುತ್ತೀರಿ.

ಡೈನೋ (ಶಕ್ತಿ ಅಳೆಯುವ ಯಂತ್ರ) ಹಾಳೆ ತೋರಿಸಿದರೆ, ಹಿಂದಿನ ಮತ್ತು ನಂತರದ ಎರಡೂ ಅಂಕಿಗಳು ಚಕ್ರದಲ್ಲಿ ಅಳೆದವೇ ಎಂದು ನೋಡಿ. ಕಂಪನಿ ಹೇಳುವ 47 ಪಿಎಸ್ ಕ್ರ್ಯಾಂಕ್‌ನದ್ದು, ಅಂದರೆ ಎಂಜಿನ್ನಿನ ಮುಖ್ಯ ದಂಡದಲ್ಲಿ ಅಳೆದದ್ದು; ಗೇರ್‌ಬಾಕ್ಸ್ ಮತ್ತು ಚೈನ್ ದಾಟಿ ಚಕ್ರ ತಲುಪುವಷ್ಟರಲ್ಲಿ ಅದರಲ್ಲೊಂದು ಪಾಲು ಸೋರಿಹೋಗಿರುತ್ತದೆ. ಮೊದಲಿನದ್ದನ್ನು ಚಕ್ರದಲ್ಲಿ ಅಳೆದು, ನಂತರದ್ದನ್ನು ಕ್ರ್ಯಾಂಕ್ ಲೆಕ್ಕಕ್ಕೆ ಏರಿಸಿ ತೋರಿಸಿದ ಹಾಳೆಗಳನ್ನು ನಾನು ಕಂಡಿದ್ದೇನೆ. ಇನ್ನೊಂದು ಸಂಗತಿ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದು, ಟರ್ಬೋ ಇಲ್ಲದ ಎಂಜಿನ್ ಇಲ್ಲಿ ಸುಮಾರು ಹತ್ತನೇ ಒಂದು ಭಾಗ ಶಕ್ತಿಯನ್ನು ಗಾಳಿಗೇ ಬಿಟ್ಟುಕೊಡುತ್ತದೆ. ಹೀಗಾಗಿ ಹವಾಮಾನಕ್ಕಾಗಿ ಅಂಕಿಗಳಿಗೆ ಮಾಡುವ ತಿದ್ದುಪಡಿ ಎರಡೂ ಹಾಳೆಗಳಲ್ಲಿ ಒಂದೇ ರೀತಿ ಇರಬೇಕು.

ಕೊಟ್ಟಿಗೆಹಾರ_ಮಳೆ

ನಾನು ಇದೇ ಗಾಡಿಗೆ ದೊಡ್ಡ ಬೋರ್ ಮಾಡಿಸಿದವನು, ಆದ್ದರಿಂದ ಅನುಭವವನ್ನಷ್ಟೇ ಬರೆಯುತ್ತೇನೆ. ಮೊದಲ ಆರು ತಿಂಗಳು ಬಹಳ ಖುಷಿಯಾಗಿದ್ದೆ ಎಂಬುದು ನಿಜ. ಚಾರ್ಮಾಡಿಯಲ್ಲಿ ಮೂರನೇ ಗೇರಿನಲ್ಲಿ ಕೈ ತಿರುಗಿಸಿದರೆ ಗಾಡಿ ತೋಳನ್ನು ಎಳೆದುಕೊಂಡು ಹೋಗುತ್ತಿತ್ತು. ಆಮೇಲೆ ಹೆಚ್ಚಿದ ಟಾರ್ಕ್ ತಾಳಲಾರದೆ ಕ್ಲಚ್ ಜಾರತೊಡಗಿತು. ನಾನು ಕಂಪನಿಯ ಕ್ಲಚ್ಚನ್ನೇ ಉಳಿಸಿಕೊಂಡಿದ್ದು ತಪ್ಪಾಗಿತ್ತು. ನಿಮ್ಮ ಅಂದಾಜಿನಲ್ಲಿ ಕ್ಲಚ್ ಸೇರಿರುವುದು ಒಳ್ಳೆಯದು.

ದೊಡ್ಡ ಪೆಟ್ಟು ಬಿದ್ದದ್ದು ಟ್ಯೂನ್‌ನಿಂದ. ಮೂಲ ಎಂಜಿನ್ನಿನ ಕಂಪ್ರೆಷನ್ (ಪೆಟ್ರೋಲ್ ಗಾಳಿಯ ಮಿಶ್ರಣವನ್ನು ಒತ್ತುವ ಅನುಪಾತ) 9.5:1, ಆದ್ದರಿಂದ ಊರೂರಿನ ಬಂಕ್‌ನ ಪೆಟ್ರೋಲನ್ನು ಅದು ಗೊಣಗದೆ ಕುಡಿಯುತ್ತದೆ. ನನ್ನದರಲ್ಲಿ ಕಂಪ್ರೆಷನ್ ಏರಿತ್ತು, ಇಗ್ನಿಷನ್ನನ್ನು (ಕಿಡಿ ಹೊತ್ತಿಸುವ ಗಳಿಗೆಯನ್ನು) ಅತಿ ಮುಂಚಿತವಾಗಿ ಇಟ್ಟಿದ್ದರು, ಮತ್ತು ಮೂಡಿಗೆರೆ ದಾಟಿದ ಮೇಲೆ ಹೆಚ್ಚು ಆಕ್ಟೇನ್‌ನ (ಒತ್ತಡದಲ್ಲಿ ಸುಲಭವಾಗಿ ತಾನಾಗಿ ಹೊತ್ತಿಕೊಳ್ಳದ) ಪೆಟ್ರೋಲ್ ನನಗೆ ಸಿಗುತ್ತಿರಲಿಲ್ಲ. ಏರಿನಲ್ಲಿ ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸಣ್ಣ ಸದ್ದು ಬರುತ್ತಿತ್ತು. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಇರಬೇಕೆಂದು ಸುಮ್ಮನಾದೆ. 14,000 ಕಿಲೋಮೀಟರಿಗೆ ಹೆಡ್ ತೆಗೆದಾಗ, ಎಡಗಡೆಯ ಪಿಸ್ಟನ್ನಿನ ಅಂಚು ಗೆದ್ದಲು ತಿಂದ ಹಲಗೆಯಂತೆ ಚುಕ್ಕೆಚುಕ್ಕೆಯಾಗಿ ಸವೆದಿತ್ತು. ಕೆಲಸ ಮಾಡಿದವರು ಪೆಟ್ರೋಲಿನ ಮೇಲೆ ಹಾಕಿದರು, ನಾನು ಟ್ಯೂನ್ ಮೇಲೆ ಹಾಕಿದೆ; ಬಿಲ್ಲು ಮಾತ್ರ ನನ್ನ ಹೆಸರಿಗೇ ಬಂತು.

ಕಾನೂನಿನ ವಿಷಯವನ್ನು ವರ್ಕ್‌ಶಾಪ್‌ನವರು ಹೇಳುವುದಿಲ್ಲ. ಆರ್‌ಸಿಯಲ್ಲಿ 648 ಸಿಸಿ ಎಂದಿರುವ ಗಾಡಿಯನ್ನು 865 ಮಾಡುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿಯಲ್ಲಿ ಬರುವ ಬದಲಾವಣೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಆಗಬಹುದು. ದಂಡಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ವಿಮೆ. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಹೋಗುವಾಗ, ಅಪಘಾತವಾದರೆ ವಿಮಾ ಕಂಪನಿಯವರು ಎಂಜಿನ್ ಬಿಚ್ಚಿ ನೋಡುತ್ತಾರೆಯೇ ಎಂಬ ಯೋಚನೆ ಬಂದರೆ ಸವಾರಿಯ ಸುಖ ಉಳಿಯುವುದಿಲ್ಲ. ಮಾರಲು ಹೋದಾಗಲೂ ಆ ಖರ್ಚಿಗೆ ಯಾರೂ ಒಂದು ರೂಪಾಯಿ ಹೆಚ್ಚು ಕೊಡಲಿಲ್ಲ, ಬದಲಿಗೆ ಮೂಲ ಪಿಸ್ಟನ್ ಇವೆಯೇ ಎಂದು ಕೇಳಿದರು.

ಎರಡನೇ_ಗೇರ್

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೂ ಒಂದು ತಕರಾರಿದೆ. ಖರ್ಚು ವಾಪಸ್ ಬರಬೇಕೆಂಬ ಲೆಕ್ಕ ಹಿಡಿದರೆ 650 ಸಿಸಿ ಗಾಡಿಯನ್ನೇ ಕೊಳ್ಳಬಾರದಿತ್ತು. ಎಂಜಿನ್ ಕೆಲಸ ಒಂದು ಹವ್ಯಾಸ. ಕೆಲವರು ವೀಣೆ ಮಾಡಿಸುತ್ತಾರೆ, ಕೆಲವರು ಕ್ಯಾಮ್ ಮಾಡಿಸುತ್ತಾರೆ. ಆ ಹವ್ಯಾಸಕ್ಕೆ ತಕ್ಕ ಜಾಗವೂ ಇದೆ: ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟೆ ಟ್ರ್ಯಾಕ್. ಇದೇ 650 ಎಂಜಿನ್ನಿನ ಕಾಂಟಿನೆಂಟಲ್ ಜಿಟಿ ಗಾಡಿಗಳ ರೇಸ್ 2021ರಲ್ಲಿ ಆರಂಭವಾದಾಗ, ಅವುಗಳ ಸಸ್ಪೆನ್ಷನ್ನನ್ನೂ ಬಿಗಿಮಾಡಿದ್ದರು ಎಂಬುದನ್ನು ನೆನಪಿಡಿ. ನಿಮ್ಮ ಬಳಿ ಇರುವುದು ಒಂದೇ ಗಾಡಿ, ಅದರಲ್ಲಿ ಊರಿಗೂ ಹೋಗಬೇಕು ಎಂದಾದರೆ, ನಾನಾದರೂ ಎಂಜಿನ್ ಮುಟ್ಟುತ್ತಿರಲಿಲ್ಲ. ಮುಂದಿನ ಸ್ಪ್ರಾಕೆಟ್‌ನಲ್ಲಿ (ಚೈನ್ ತಿರುಗಿಸುವ ಹಲ್ಲುಗಾಲಿಯಲ್ಲಿ) ಒಂದು ಹಲ್ಲು ಕಡಿಮೆ ಮಾಡಿ ನೋಡಿ. ಹದಿನಾಲ್ಕು ಹದಿಮೂರಾದರೆ ಚಕ್ರಕ್ಕೆ ಸಿಗುವ ಎಳೆತ ಶೇಕಡಾ 7ರಿಂದ 8ರಷ್ಟು ಹೆಚ್ಚುತ್ತದೆ, ಹೈವೇಯಲ್ಲಿ ಎಂಜಿನ್ ಅಷ್ಟೇ ಹೆಚ್ಚು ತಿರುಗುತ್ತದೆ. ಬೇಡವೆನಿಸಿದರೆ ಒಂದು ಮಧ್ಯಾಹ್ನದಲ್ಲಿ ಹಳೆಯದನ್ನೇ ಹಾಕಬಹುದು.

ಪುತ್ತೂರು_ಪಯಣಿಗ

ಎಲ್ಲರಿಗೂ ಧನ್ಯವಾದಗಳು. ಕಳೆದ ಭಾನುವಾರ ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡೇ ಶಿರಾಡಿ ಹತ್ತಿದೆ. ಹಳೇ_ಸ್ಪ್ಯಾನರ್ ಅವರು ಊಹಿಸಿದಂತೆಯೇ ನಾನು ಐದನೇ ಗೇರಿನಲ್ಲಿ 3,500ರ ಆಸುಪಾಸಿನಲ್ಲಿ ಓವರ್‌ಟೇಕ್‌ಗೆ ಹೊರಡುತ್ತಿದ್ದೆ. ಮೂರಕ್ಕೆ ಇಳಿಸಿ ಹೊರಟಾಗ ಎರಡು ಟ್ಯಾಂಕರ್‌ಗಳನ್ನು ಒಂದೇ ಉಸಿರಿಗೆ ದಾಟಿತು. ಎಂಜಿನ್ ಕೆಲಸ ಕೈಬಿಟ್ಟಿದ್ದೇನೆ.

ಆದರೆ ವೇಗ ಸಿಕ್ಕಿದ ಮೇಲೆ ಇನ್ನೊಂದು ದೋಷ ಕಣ್ಣಿಗೆ ಬಿತ್ತು. ತಿರುವಿನ ನಡುವೆ ಕಾಂಕ್ರೀಟ್ ಜೋಡಣೆಯ ಮೇಲೆ ಹಾಯ್ದಾಗ ಹಿಂಭಾಗ ಎರಡು ಸಲ ತೂಗಾಡುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸಬೇಕೆಂದಿದ್ದೇನೆ. ನನ್ನ ತೂಕ 81 ಕಿಲೋ, ಪತ್ನಿಯದು 58, ಬ್ಯಾಗುಗಳು ಸುಮಾರು 12. ಇಷ್ಟು ಭಾರಕ್ಕೆ ಎಷ್ಟು ಗಟ್ಟಿಯ ಸ್ಪ್ರಿಂಗ್ ಕೇಳಬೇಕು?