ಬುದ್ಧಿಹಲ್ಲು ತೆಗೆಸಿ ನಾಲ್ಕನೇ ದಿನ: ಕುಳಿಯಲ್ಲಿ ಬಿಳಿ ಪದರ, ಬಾಯಿ ಎರಡೇ ಬೆರಳು ತೆರೆಯುತ್ತದೆ

ಬೇಡ್ತಿದಂಡೆ (ಶಿರಸಿ):
ತಮ್ಮನಿಗೆ 24 ವರ್ಷ. ಎಡಗಡೆಯ ಕೆಳಗಿನ ಬುದ್ಧಿಹಲ್ಲು ಅಡ್ಡ ಮಲಗಿತ್ತು. ವಸಡು ಕೊಯ್ದು, ಸ್ವಲ್ಪ ಎಲುಬು ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದಿದ್ದಾರೆ. ಕಪ್ಪು ದಾರದ ಮೂರು ಹೊಲಿಗೆ ಇದೆ. ನಿನ್ನೆಯವರೆಗೂ ಕೆನ್ನೆ ಬಾತಿತ್ತು, ಇವತ್ತು ತುಸು ಇಳಿದಿದೆ. ಕುಳಿಯಲ್ಲಿ ಬಿಳಿ-ಹಳದಿ ಪದರ ಕಾಣುತ್ತಿದೆ. ಇದು ಕೀವೋ? ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತದೆ. ಮನೆಯಲ್ಲಿ ಕುಳಿಗೆ ಲವಂಗದ ಎಣ್ಣೆ ಹಾಕಿ ಎನ್ನುತ್ತಿದ್ದಾರೆ. ಊಟದ ನಂತರ ಕವಳ (ಎಲೆ-ಅಡಿಕೆ) ಹಾಕುವ ಅಭ್ಯಾಸವೂ ಅವನಿಗೆ ಇದೆ, ಯಾವಾಗ ಹಾಕಬಹುದು?

ಕುಮಟಾ ದಂತವೈದ್ಯೆ:
ಮೊದಲು ನೋಡಬೇಕಾದದ್ದು ಒಂದೇ: ನಿನ್ನೆಗಿಂತ ಇವತ್ತು ನೋವು ಕಡಿಮೆಯೋ, ಹೆಚ್ಚೋ? ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಗಾಯ ಮಾಯುತ್ತಿದೆ ಎಂದೇ ಅರ್ಥ, ಕುಳಿ ನೋಡಲು ಎಷ್ಟೇ ಕೆಟ್ಟದಾಗಿರಲಿ. ಬಿಳಿ ಪದರ ಕೀವಲ್ಲ. ರಕ್ತದ ಹೆಪ್ಪಿನ ಮೇಲೆ ಕಟ್ಟುವ ಫೈಬ್ರಿನ್ ಅದು, ಮೊಣಕಾಲು ತರಚಿದಾಗ ಬರುವ ಹಕ್ಕಳೆಯ ಹಾಗೆ. ಬಾಯಿ ಸದಾ ಒದ್ದೆಯಿರುವುದರಿಂದ ಒಣಗದೆ ಬೆಳ್ಳಗೆ ಕಾಣುತ್ತದೆ. ಹತ್ತಿ, ಬ್ರಶ್ಶು, ಕಡ್ಡಿ ಯಾವುದರಿಂದಲೂ ಅದನ್ನು ಕೆರೆಯಬೇಡಿ. ಕೆರೆದರೆ ಅಡಿಯ ಹೆಪ್ಪು ಕಿತ್ತು ಬರುತ್ತದೆ.

ಹೆಪ್ಪು ಹೋಗಿ ಎಲುಬು ಬಯಲಾಗುವುದಕ್ಕೇ ಡ್ರೈ ಸಾಕೆಟ್ ಎನ್ನುವುದು. ಅದರ ಗುರುತು ಸ್ಪಷ್ಟ. ಎರಡು ದಿನ ಚೆನ್ನಾಗಿದ್ದು, ಮೂರನೇ ಅಥವಾ ನಾಲ್ಕನೇ ದಿನ ನೋವು ಒಮ್ಮೆಲೇ ಏರುತ್ತದೆ, ಕಿವಿ ಮತ್ತು ಕೆನ್ನೆಯ ಕಡೆಗೆ ಎಳೆಯುತ್ತದೆ, ಮಾತ್ರೆಗೂ ಬಗ್ಗುವುದಿಲ್ಲ, ಬಾಯಿ ನಾರುತ್ತದೆ. ಆಗ ಆಂಟಿಬಯೋಟಿಕ್ ಬದಲಿಸಿ ಪ್ರಯೋಜನವಿಲ್ಲ. ವೈದ್ಯರು ಕುಳಿಯನ್ನು ಸಲೈನ್‌ನಿಂದ ತೊಳೆದು ಔಷಧದ ಪಟ್ಟಿ ಇಟ್ಟರೆ ಬಹಳ ಮಂದಿಗೆ ಅದೇ ದಿನ ನೆಮ್ಮದಿ ಸಿಗುತ್ತದೆ. ಆ ಪಟ್ಟಿಯಲ್ಲಿ ಲವಂಗದ ಅಂಶವೇ ಇರುತ್ತದೆ, ನಿಜ. ಆದರೆ ಬಾಟಲಿಯ ಎಣ್ಣೆಯನ್ನು ನೇರ ಕುಳಿಗೆ ಬಿಟ್ಟರೆ ಎಳೆ ಅಂಗಾಂಶ ಸುಡುತ್ತದೆ. ದಯವಿಟ್ಟು ಬಿಡಬೇಡಿ.

ಬಾಯಿ ತೆರೆಯದಿರುವುದಕ್ಕೆ ದವಡೆಯ ಸ್ನಾಯು ಬಿಗಿದಿರುವುದೇ ಕಾರಣ. ನಾಲ್ಕನೇ ದಿನಕ್ಕೆ ಎರಡು ಬೆರಳು ಸಹಜ. ಐಸ್ ಒತ್ತುವ ಕಾಲ ಮೊದಲ ಎರಡು ದಿನಕ್ಕೇ ಮುಗಿಯಿತು. ಈಗ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ 15 ನಿಮಿಷ ಶಾಖ ಕೊಡಿ, ಅದರ ಬೆನ್ನಿಗೇ ಬಾಯಿಯನ್ನು ನೋವಿನ ಅಂಚಿನವರೆಗೆ ಹತ್ತು ಸಲ ನಿಧಾನ ತೆರೆಸಿ. ದಿನಕ್ಕೆ ಐದಾರು ಬಾರಿ ಮಾಡಿದರೆ ಒಂದೆರಡು ವಾರದಲ್ಲಿ ಮೂರು ಬೆರಳು ಹೋಗಬೇಕು. ತೆರೆಯುವುದು ದಿನೇದಿನೇ ಕಡಿಮೆಯಾಗುತ್ತಾ ಜ್ವರವೂ ಬಂದರೆ ಅದು ಸೋಂಕು, ಕಾಯಬೇಡಿ.

ಅಂಕೋಲಾ ಫಾರ್ಮಸಿ:
ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಕೊಟ್ಟಿದ್ದರೆ ಅದರ ಮೇಲೆ ನೆಗಡಿ-ಜ್ವರದ ಮಾತ್ರೆ ನುಂಗಿಸಬೇಡಿ. ಅದರಲ್ಲೂ ಹೆಚ್ಚಾಗಿ ಪ್ಯಾರಾಸಿಟಮಾಲ್ ಇರುತ್ತದೆ, ಲೆಕ್ಕ ತಪ್ಪುತ್ತದೆ. ದೊಡ್ಡವರಿಗೂ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು. ಐಬುಪ್ರೊಫೆನ್ ಖಾಲಿ ಹೊಟ್ಟೆಗೆ ಬೇಡ. ಅಸ್ತಮಾ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಬರೆದಿದ್ದರೆ ಮದ್ಯ ಪೂರ್ತಿ ನಿಷಿದ್ಧ.

ಉಪ್ಪುನೀರಿಗೆ ಒಂದು ಲೋಟ ಉಗುರುಬೆಚ್ಚನೆ ನೀರು, ಅರ್ಧ ಚಮಚ ಉಪ್ಪು ಸಾಕು. ಹೆಚ್ಚು ಹಾಕಿದರೆ ಉರಿ ಅಷ್ಟೇ. ಗಳಗಳ ಮುಕ್ಕಳಿಸಬಾರದು, ಬಾಯಿಗೆ ಹಾಕಿ, ತಲೆ ಆಚೀಚೆ ವಾಲಿಸಿ, ಬಾಯಿ ತೆರೆದು ತಾನಾಗಿ ಸುರಿಯಲು ಬಿಡಬೇಕು. ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ತೊಳೆಯುವ ದ್ರವ ಕೊಟ್ಟಿದ್ದರೆ ದಿನಕ್ಕೆ ಎರಡು ಸಲ 10 ಮಿ.ಲೀ. ಪೇಸ್ಟಿನಲ್ಲಿ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ, ಇಲ್ಲದಿದ್ದರೆ ಪೇಸ್ಟಿನ ನೊರೆ ಅದರ ಶಕ್ತಿ ಕುಂದಿಸುತ್ತದೆ. ಬಳಸಿದ ಕೂಡಲೇ ಚಹಾ ಕುಡಿದರೆ ಹಲ್ಲಿಗೆ ಕಂದು ಕಲೆ ಹತ್ತುತ್ತದೆ.

ಸಿದ್ದಾಪುರ ಸೀಮೆ:
ಊಟದ್ದು ನಮ್ಮ ಕಡೆ ಸುಲಭ. ಗಂಜಿಯ ತೆಳಿ, ರಾಗಿ ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ, ಸೋಸಿದ ಒಂದೆಲಗದ ತಂಬುಳಿ. ಸೋಸುವುದು ಮುಖ್ಯ, ಜೀರಿಗೆ ಮೆಣಸಿನ ತರಿ ಕುಳಿಗೆ ಇಳಿದರೆ ತೆಗೆಯುವುದು ಕಷ್ಟ. ಕುಚ್ಚಲಕ್ಕಿಯ ಇಡೀ ಅಗುಳು ಕೂಡ ಅಲ್ಲೇ ಕೂರುತ್ತದೆ, ಮೊದಲ ವಾರ ಬೆಳ್ತಿಗೆ ಅಕ್ಕಿಯೇ ಲೇಸು. ಮೀನು ತಿನ್ನುವವರು ಮುಳ್ಳು ಪೂರ್ತಿ ಬಿಡಿಸಿ, ಖಾರವಿಲ್ಲದೆ ಬೇಯಿಸಿ ತಿನ್ನಬಹುದು. ಅಪ್ಪೆಹುಳಿ, ಹಲಸಿನ ಹಪ್ಪಳ, ತೊಡೆದೇವು ಸದ್ಯ ಬೇಡ. ಎಳನೀರನ್ನು ಲೋಟಕ್ಕೆ ಬಗ್ಗಿಸಿ ಕುಡಿಯಲಿ. ಸ್ಟ್ರಾ ಹಾಕಿ ಹೀರಿದರೆ ಆ ಎಳೆತಕ್ಕೆ ಹೆಪ್ಪು ಸಡಿಲವಾಗುತ್ತದೆ, ಹಲವರಿಗೆ ಇದು ಹೊಳೆಯುವುದೇ ಇಲ್ಲ.

ಬೇಡ್ತಿದಂಡೆ (ಶಿರಸಿ):
ಎಲ್ಲರಿಗೂ ಧನ್ಯವಾದ. ನೋವು ಇಳಿಯುತ್ತಿದೆ, ರಾತ್ರಿ ನಿದ್ದೆ ಮಾಡುತ್ತಿದ್ದಾನೆ. ಕವಳದ ಬಗ್ಗೆ ಯಾರೂ ಹೇಳಲಿಲ್ಲ. ಕುಳಿ ಮುಚ್ಚಲು ಎಷ್ಟು ದಿನ?

ಕುಮಟಾ ದಂತವೈದ್ಯೆ:
ಹಾಗಿದ್ದರೆ ಸರಿಯಾದ ದಾರಿಯಲ್ಲೇ ಇದ್ದಾನೆ. ಕವಳವನ್ನು ವಸಡು ಮುಚ್ಚುವವರೆಗೂ, ಅಂದರೆ ಮೂರು-ನಾಲ್ಕು ವಾರ ದೂರವಿಡಿ. ಅಡಿಕೆಯ ನಾರು ಕುಳಿಗೆ ಸೇರುತ್ತದೆ, ಸುಣ್ಣ ಗಾಯವನ್ನು ಸುಡುತ್ತದೆ, ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳ ಕುಗ್ಗಿಸಿ ಮಾಯುವುದನ್ನೇ ತಡೆಯುತ್ತದೆ. ಉಗುಳುವುದೂ ಸ್ಟ್ರಾದಷ್ಟೇ ಕೆಟ್ಟದ್ದು. ವರ್ಷಗಟ್ಟಲೆ ಅಡಿಕೆ ಜಗಿದವರಿಗೆ ಬಾಯಿಯ ಒಳಪದರವೇ ಗಡುಸಾಗಿ ಬಾಯಿ ತೆರೆಯದಾಗುವ ರೋಗವೂ ಬರುತ್ತದೆ. ಈ ಬಿಡುವಿನಲ್ಲೇ ಬಿಟ್ಟುಬಿಟ್ಟರೆ ನನಗಂತೂ ಬಹಳ ಸಂತೋಷ.

ಕಪ್ಪು ದಾರ ರೇಷ್ಮೆಯದು, ತಾನಾಗಿ ಕರಗುವುದಿಲ್ಲ. ಏಳನೇ ದಿನ ಹೋಗಿ ತೆಗೆಸಿ. ಕುಳಿಯ ಒಳಗೆ ಎಲುಬು ತುಂಬಲು ಮೂರು-ನಾಲ್ಕು ತಿಂಗಳು, ಕೆಲವೊಮ್ಮೆ ಆರು. ಅಲ್ಲಿಯವರೆಗೆ ತಗ್ಗು ನಾಲಗೆಗೆ ತಗಲುತ್ತಿರುತ್ತದೆ. ಹೊಲಿಗೆ ತೆಗೆದ ಮೇಲೆ ವೈದ್ಯರನ್ನು ಕೇಳಿ, ತುದಿ ಬಾಗಿದ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಕುದಿಸಿ ಆರಿಸಿದ ಉಪ್ಪುನೀರು ತುಂಬಿ, ಊಟವಾದ ಮೇಲೆಲ್ಲ ಮೆಲ್ಲಗೆ ತೊಳೆಯಲಿ. ಸೂಜಿ ಮಾತ್ರ ಬೇಡ. ಕೆಲವು ವಾರಗಳ ನಂತರ ವಸಡಿನಿಂದ ಬಿಳಿ ಚೂಪಾದ ಚೂರು ಚುಚ್ಚಿದರೆ ಬೇರು ಉಳಿದಿದೆ ಎಂದು ಹೆದರಬೇಡಿ, ಸಾಮಾನ್ಯವಾಗಿ ಅದು ಎಲುಬಿನ ಸಣ್ಣ ಸಿಬರು, ಸುಲಭವಾಗಿ ತೆಗೆಯುತ್ತಾರೆ.

ತುಟಿ, ಗದ್ದ ಅಥವಾ ನಾಲಗೆ ಇನ್ನೂ ಜೋಮು ಹಿಡಿದಿದ್ದರೆ ಹೊಲಿಗೆ ತೆಗೆಸುವಾಗ ತಪ್ಪದೆ ಹೇಳಿ. ಹೆಚ್ಚಿನವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ, ಆದರೂ ದಾಖಲಾಗಬೇಕು. ದವಡೆಯ ಅಡಿ ಗಟ್ಟಿಯಾಗಿ ಬಾತು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮಾತ್ರ ಮಳೆಯ ರಾತ್ರಿಯಾದರೂ ಬೆಳಗಾಗಲಿ ಎಂದು ಕೂರಬೇಡಿ. ಹುಬ್ಬಳ್ಳಿಗೆ ನೇರ ಹೊರಡುವ ಮೊದಲು ಶಿರಸಿಯಲ್ಲೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. 100 ಕಿಲೋಮೀಟರ್ ದಾರಿಯಲ್ಲಿ ಉಸಿರು ಕಟ್ಟಿದರೆ ಕಾರಿನಲ್ಲಿ ಏನೂ ಮಾಡಲಾಗದು.