ಖಾಲಿ ಸೈಟಲ್ಲಿ ಬೆಳೆಸಿರೋ ತೋಟ ಬಿಲ್ಡರ್ ಪಾಲಾಗದ ಹಾಗೆ ಉಳಿಸ್ಕೊಳ್ಳೋದು ಹೇಗೆ? ಗೊತ್ತಿರೋರು ಹೇಳಿ

ಪ್ರಶ್ನೆ, ಫಿಲಡೆಲ್ಫಿಯಾದಿಂದ:
ಎಲ್ರಿಗೂ ನಮಸ್ಕಾರ. ನಮ್ಮ ಬೀದೀಲಿ ಮನೆ ಬಿದ್ದುಹೋದ ಕೆಲವು ಸೈಟು ಸೇರಿಸಿ ಇಲ್ಲಿನ ಹಿರಿಯರು ತುಂಬಾ ವರ್ಷದಿಂದ ತರಕಾರಿ ಬೆಳೀತಿದಾರೆ, ಹೆಚ್ಚಿನವರು ಕಪ್ಪು ಜನ. ನಮಗೂ ಒಂದು ಪಾತಿ ಬಿಟ್ಕೊಟ್ರು, ಮೆಂತ್ಯ ದಂಟು ಹಾಕ್ತೀನಿ. ನಡೆದು ಹೋಗೋ ದೂರದಲ್ಲಿ ತರಕಾರಿ ಅಂಗಡಿ ಇಲ್ಲ, ಎಷ್ಟೋ ಮನೆಗೆ ಸೊಪ್ಪು ಅಂದ್ರೆ ಈ ತೋಟದ್ದೇ. ಈಗ ಯಾರೋ ಬಂದು ಅಳತೆ ಮಾಡ್ಕೊಂಡು ಹೋಗಿದಾರೆ. ಜಾಗಾನ ಎಲ್ಲರದ್ದಾಗಿ ಉಳಿಸೋಕೆ ದಾರಿ ಇದ್ಯಾ?

ಅದೇ ಊರಿಂದ:
ಅಕ್ಕಾ, ಮೊದಲು ಒಂದೊಂದು ಸೈಟೂ ಯಾರ ಹೆಸರಲ್ಲಿದೆ ನೋಡಿ, ಸಿಟಿಯ ಪ್ರಾಪರ್ಟಿ ವೆಬ್‌ಸೈಟಲ್ಲಿ ವಿಳಾಸ ಹಾಕಿದ್ರೆ ಬರತ್ತೆ. ಒಂದೇ ಬೇಲಿ ಒಳಗೆ ಒಂದು ಸಿಟೀದು, ಇನ್ನೊಂದು ತೀರ್ಕೊಂಡೋರ ಹೆಸರಲ್ಲಿ, ಮತ್ತೊಂದಕ್ಕೆ ತೆರಿಗೆ ಬಾಕಿ, ಹೀಗೆ ಇರಬಹುದು. ಬಾಕಿ ಇರೋದ್ರ ಬಗ್ಗೆ ಹುಷಾರು, ಅದು ಶೆರಿಫ್ (ಕೋರ್ಟ್ ಆದೇಶ ಜಾರಿ ಮಾಡೋ ಅಧಿಕಾರಿ) ನಡೆಸೋ ಹರಾಜಿಗೆ ಬರತ್ತೆ, 1997ರಲ್ಲಿ ಸಿಟಿ ಇಂಥ ಬಾಕಿಗಳ ವಸೂಲಿ ಹಕ್ಕನ್ನೇ ಬ್ಯಾಂಕಿಗೆ ಮಾರಿ ಎಷ್ಟೋ ತೋಟ ಅದರಲ್ಲಿ ಸಿಕ್ಕಾಕ್ಕೊಂಡ್ವು. ಸಿಟಿ ಜಾಗ ಆದ್ರೆ ಲ್ಯಾಂಡ್ ಬ್ಯಾಂಕಿಗೆ, ಅಂದ್ರೆ ಸಿಟಿಯ ಖಾಲಿ ಸೈಟು ನೋಡ್ಕೊಳ್ಳೋ ಸಂಸ್ಥೆಗೆ, ಅರ್ಜಿ ಹಾಕಿ, ಆದ್ರೆ ನಿಮ್ಮ ಏರಿಯಾ ಕೌನ್ಸಿಲ್ ಮೆಂಬರ್ ಒಪ್ಪದೆ ಫೈಲ್ ಕದಲಲ್ಲ, ಅವರ ಆಫೀಸಿಗೆ ಹಿರಿಯರ ಜೊತೆ ಹೋಗಿ. ನೇಬರ್‌ಹುಡ್ ಗಾರ್ಡನ್ಸ್ ಟ್ರಸ್ಟ್ ಅಂತಿದೆ, ಜಾಗ ತನ್ನ ಹೆಸರಿಗೆ ತಗೊಂಡು ತೋಟಕ್ಕೇ ಅಂತ ಕಾಪಾಡತ್ತೆ, ಬೆಳೆಯೋರು ನೀವೇ. ಖಾಸಗಿ ಸೈಟಾದ್ರೆ, ಮಾಲೀಕರ ಅನುಮತಿ ಇಲ್ದೆ ಎಲ್ರಿಗೂ ಕಾಣೋ ಹಾಗೆ, ಮಧ್ಯೆ ಎಲ್ಲೂ ಬಿಟ್ಟುಹೋಗದೆ 21 ವರ್ಷ ಸ್ವಾಧೀನದಲ್ಲಿಟ್ಕೊಂಡಿದ್ರೆ ಪೆನ್ಸಿಲ್ವೇನಿಯಾದಲ್ಲಿ ಕೋರ್ಟಲ್ಲಿ ಹಕ್ಕು ಕೇಳಬಹುದು, ಹಳೇ ಫೋಟೋ, ರಸೀದಿ ಏನಿದ್ರೂ ಈಗ್ಲೇ ಒಟ್ಟು ಮಾಡಿ. ಪಬ್ಲಿಕ್ ಇಂಟರೆಸ್ಟ್ ಲಾ ಸೆಂಟರ್‌ನ ವಕೀಲರು ತೋಟದವರಿಗೆ ಸಹಾಯ ಮಾಡ್ತಾರೆ.

ನಮ್ಮ ತಾತನಿಗೆ 1974ರ ಕಾಯ್ದೆ ಬಂದಾಗ ಫಾರಂ 7 ಹಾಕಿ ಗೇಣಿ ಜಮೀನು ಸಿಕ್ತು, ಉಳುವವನೇ ಒಡೆಯ ಅಂತ. ಇಲ್ಲಿ ಬರೀ ಬೆಳೆದಿದ್ದಕ್ಕೆ ಯಾರೂ ಕೊಡಲ್ಲ. ಲಾಸ್ ಏಂಜಲೀಸಲ್ಲಿ ಸೌತ್ ಸೆಂಟ್ರಲ್ ಫಾರ್ಮ್ ಅಂತ 14 ಎಕರೆ, ಸುಮಾರು 350 ಕುಟುಂಬ ಬೆಳೀತಿದ್ರು, 2006ರಲ್ಲಿ ಪೊಲೀಸರನ್ನ ಕರೆಸಿ ಖಾಲಿ ಮಾಡಿಸಿದ್ರು.

ಬಾಸ್ಟನ್‌ನಿಂದ:
ಇಲ್ಲಿ ಡಡ್ಲಿ ಸ್ಟ್ರೀಟ್ ಬಗ್ಗೆ ತಿಳ್ಕೊಳ್ಳಿ. ಬೀದಿ ಜನ 1984ರಲ್ಲಿ ಸಂಘ ಕಟ್ಟಿದ್ರು, 1988ರಲ್ಲಿ ಖಾಸಗಿ ಖಾಲಿ ಸೈಟನ್ನ ಸ್ವಾಧೀನ ಮಾಡ್ಕೊಳ್ಳೋ ಅಧಿಕಾರಾನೇ ಸಿಟಿಯಿಂದ ತಗೊಂಡ್ರು! ಜಾಗ ಅವರ ಲ್ಯಾಂಡ್ ಟ್ರಸ್ಟಿಂದು, ಅಂದ್ರೆ ಎಲ್ಲರ ಪರವಾಗಿ ಜಾಗ ಇಟ್ಕೊಳ್ಳೋ ಸಂಸ್ಥೇದು, ಮಾರೋ ಹಾಗಿಲ್ಲ, 99 ವರ್ಷದ ಲೀಸಿಗೆ ಕೊಡ್ತಾರೆ, ಅದರಲ್ಲಿ ಮನೆಗಳೂ ಇವೆ, 10,000 ಚದರಡಿ ಗ್ರೀನ್‌ಹೌಸೂ ಇದೆ. ಇನ್ನೊಂದು, ಮನೆ ಬಿದ್ದ ಜಾಗ ಅಂದ್ರಲ್ಲ, ಹಳೇ ಪೇಂಟಿನ ಸೀಸ ಮಣ್ಣಲ್ಲಿರತ್ತೆ, ಟೆಸ್ಟ್ ಮಾಡಿಸದೆ ಸೊಪ್ಪು, ಗೆಡ್ಡೆ ನೆಲಕ್ಕೆ ಹಾಕ್ಬೇಡಿ, ಮಕ್ಕಳು ತಿನ್ನೋದು.

ನ್ಯೂಯಾರ್ಕಿಂದ:
1999ರಲ್ಲಿ ಮೇಯರ್ ಜೂಲಿಯಾನಿ 114 ತೋಟ ಹರಾಜಿಗಿಟ್ಟಿದ್ರು. ಜನ ಬೀದಿಗಿಳಿದ್ರು, ಕೊನೇ ಗಳಿಗೇಲಿ ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಮತ್ತೆ ನಟಿ ಬೆಟ್ ಮಿಡ್ಲರ್ ಅವರ ಸಂಸ್ಥೆ ದುಡ್ಡು ಕೊಟ್ಟು ಉಳಿಸಿದ್ವು. ಆಮೇಲೆ ಬ್ರಾಂಕ್ಸ್ ಕಡೆ, ಬ್ರೂಕ್ಲಿನ್ ಕ್ವೀನ್ಸ್ ಕಡೆ ಬೆಳೆಯೋರದ್ದೇ ಲ್ಯಾಂಡ್ ಟ್ರಸ್ಟ್ ಆದ್ವು. ನೋಟಿಸ್ ಬರೋ ತನಕ ಕಾಯ್ಬೇಡಿ.

ಮೈಸೂರಿನವಳು, ಈಗ ಅಟ್ಲಾಂಟಾ:
ಈ ಲ್ಯಾಂಡ್ ಟ್ರಸ್ಟ್ ಶುರುವಾಗಿದ್ದೇ ನಮ್ಮ ಜಾರ್ಜಿಯಾದಲ್ಲಿ, 1969ರಲ್ಲಿ, ಆಲ್ಬನಿ ಹತ್ರ ನ್ಯೂ ಕಮ್ಯುನಿಟೀಸ್ ಅಂತ. ಓಟಿನ ಹಕ್ಕು ಕೇಳಿದ್ದಕ್ಕೆ ಜಮೀನ್ದಾರರು ಒಕ್ಕಲೆಬ್ಬಿಸಿದ ಕಪ್ಪು ಜನಕ್ಕೋಸ್ಕರ ಚಾರ್ಲ್ಸ್ ಶೆರಾಡ್ ಮತ್ತೆ ಜೊತೆಗಾರರು ಕಟ್ಟಿದ್ದು, ಹತ್ತಿರ ಹತ್ತಿರ 5,700 ಎಕರೆ. ಅದನ್ನ ರೂಪಿಸಿದವರಲ್ಲೊಬ್ಬರಾದ ಬಾಬ್ ಸ್ವಾನ್ ಅವರಿಗೆ ಊರಿನ ಜಮೀನನ್ನ ಇಡೀ ಊರಿಗೇ ಒಪ್ಪಿಸೋ ವಿನೋಬಾ ಅವರ ಗ್ರಾಮದಾನ ದೊಡ್ಡ ಪ್ರೇರಣೆ, ಅದೇ ಗ್ರಾಮದಾನದ ಸಭೆ 1957ರಲ್ಲಿ ನಮ್ಮ ಇಲವಾಲದಲ್ಲಿ ನಡೆದು ನೆಹರೂ ಬಂದಿದ್ರು, ಇದು ಗೊತ್ತಾದಾಗ ನನಗೆ ಮೈ ಜುಮ್ಮೆಂದಿತ್ತು. ಆದ್ರೆ ಬರಗಾಲ ಬಂದಾಗ ಬೇರೆಯವರಿಗೆ ಸಿಕ್ಕ ಸರ್ಕಾರಿ ಸಾಲ ಇವರಿಗೆ ಸಮಯಕ್ಕೆ ಸಿಗಲಿಲ್ಲ, ಸಾಲಕ್ಕೆ ಅಡ ಇಟ್ಟಿದ್ದ ಅಷ್ಟೂ ಜಮೀನು 1985ರಲ್ಲಿ ಹೋಯ್ತು. ಆ ತಾರತಮ್ಯಕ್ಕೆ ಸುಮಾರು 1.2 ಕೋಟಿ ಡಾಲರ್ ಪರಿಹಾರ ಬಂದಿದ್ದು 2009ರಲ್ಲಿ. ಅದಕ್ಕೇ ಜಾಗ ಅಡ ಇಡೋ ಹಾಗಿಲ್ಲ ಅಂತ ಟ್ರಸ್ಟ್ ಪತ್ರದಲ್ಲೇ ಬರೆಸಿ. ಮತ್ತೆ ಬೋರ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಟು ಆ ಬೀದಿ ಹಿರಿಯರಿಗೇ ಇರಲಿ. ನಾವು ಆಮೇಲೆ ಬಂದೋರು, ಇಂಗ್ಲಿಷ್ ಫಾರಂ ತುಂಬೋದು, ಆಫೀಸ್ ಅಲೆಯೋದು ನಾವು ಮಾಡೋಣ, ಜಾಗ ಏನಾಗಬೇಕು ಅನ್ನೋದು ಅವರು ಹೇಳಲಿ. ವಕೀಲರ ಹತ್ರ ಹೋಗೋಕೆ ಮುಂಚೆ ಅವರನ್ನೆಲ್ಲ ಕೂರಿಸಿ ಒಂದು ಸಲ ಕೇಳಿ ಅಕ್ಕ.