ಸಮುದಾಯ ಬಾನುಲಿಯಲ್ಲಿ ವಾರದ ರಾಜಕೀಯ ಚರ್ಚೆ: ಎಷ್ಟು ದೂರ ಹೋಗಬಹುದು?

(‘ಬಾನುಲಿ ಬಳಗ’ದ ಪ್ರಶ್ನೆ, ಉಳಿದವರ ಉತ್ತರ. ಹೆಸರುಗಳೆಲ್ಲ ಅಡ್ಡಹೆಸರು.)

ಬಾನುಲಿ ಬಳಗ: ತಾಲ್ಲೂಕು ಮಟ್ಟದ ಸಮುದಾಯ ಬಾನುಲಿಯಲ್ಲಿ ಶನಿವಾರ ಸಂಜೆ ಅರ್ಧ ಗಂಟೆ ಕಾರ್ಯಕ್ರಮದ ಯೋಚನೆ ಇದೆ. ವಾರದ ಸುದ್ದಿ, ಸ್ಥಳೀಯ ರಾಜಕೀಯ, ಮೂವರು ಅತಿಥಿಗಳು, ಕೊನೆಗೆ ಕೇಳುಗರ ಫೋನ್ ಕರೆ. ಆಡಳಿತ ಮಂಡಳಿ ಮಾತ್ರ ‘ಲೈಸೆನ್ಸ್ ಹೋದೀತು’ ಅನ್ನುತ್ತಿದೆ. ಅದು ಬರೀ ಹೆದರಿಕೆಯೋ, ನಿಜವೋ?

ನಿಯಮ ಪುಸ್ತಕ: ನಿಜವೇ. ಸಂಘ ಸಂಸ್ಥೆಗಳಿಗೆ ಸಮುದಾಯ ಬಾನುಲಿ ತೆರೆದುಕೊಟ್ಟ 2006ರ ನೀತಿಯಲ್ಲೇ ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯ ಸ್ವರೂಪದ ಕಾರ್ಯಕ್ರಮ ಕೂಡದು ಎಂದಿದೆ. ಆಮೇಲೆ ಕೊಟ್ಟ ಸಡಿಲಿಕೆ ಒಂದೇ: ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ, ಇಲ್ಲವೇ ಸ್ಥಳೀಯ ಭಾಷೆಗೆ ಅನುವಾದಿಸಿ ಹಾಕಬಹುದು. ಅನುವಾದದಲ್ಲಿ ಅರ್ಥ ಕೆಟ್ಟರೆ ಹೊಣೆ ಬಾನುಲಿ ಕೇಂದ್ರದ್ದು. ಹವಾಮಾನ, ಸಂಚಾರ, ಪರೀಕ್ಷಾ ಫಲಿತಾಂಶ, ಉದ್ಯೋಗ ಮಾಹಿತಿ, ಜಾತ್ರೆ-ಉತ್ಸವ, ನೀರು-ಕರೆಂಟಿನ ಪ್ರಕಟಣೆ ಇವನ್ನು ಸುದ್ದಿ ಅಂತ ಲೆಕ್ಕ ಹಿಡಿಯುವುದಿಲ್ಲ. ನೀವು ಹೇಳುವ ‘ವಾರದ ರಾಜಕೀಯ’ ಈ ಪಟ್ಟಿಯಲ್ಲಿ ಎಲ್ಲೂ ಕೂರುವುದಿಲ್ಲ.

ಕಟ್ಟೆ ಮಾತು: ಈ ನಿಯಮಕ್ಕೇ ತಲೆಬುಡ ಇಲ್ಲ ಸ್ವಾಮಿ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತರಂಗಾಂತರ ಸಾರ್ವಜನಿಕ ಸ್ವತ್ತು ಎಂದಿತು. ಟಿ.ವಿ.ಯಲ್ಲಿ ದಿನವಿಡೀ ಕೂಗಾಡಬಹುದು, ಪತ್ರಿಕೆಯಲ್ಲಿ ಬರೆಯಬಹುದು, ಹತ್ತು-ಹದಿನೈದು ಕಿಲೋಮೀಟರ್ ಕೇಳಿಸುವ 50 ವಾಟ್ ಟ್ರಾನ್ಸ್‌ಮಿಟರ್ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕೆ? ನೇಪಾಳದ ಸಮುದಾಯ ಬಾನುಲಿ ರೇಡಿಯೋ ಸಾಗರಮಾಥಾ 1997ರಲ್ಲಿ ಶುರುವಾಯಿತು, ಸುದ್ದಿಯನ್ನೂ ಕೊಡುತ್ತದೆ. 2005ರಲ್ಲಿ ರಾಜ ಜ್ಞಾನೇಂದ್ರ ಎಫ್‌ಎಂ ಸುದ್ದಿ ನಿಷೇಧಿಸಿದಾಗ ಅಲ್ಲಿನವರು ಸುದ್ದಿಯನ್ನು ಹಾಡಿ ಹೇಳಿದರು, ಬೀದಿಯಲ್ಲಿ ನಿಂತು ಓದಿದರು. ನಾವು ಅರ್ಜಿ ನಮೂನೆ ಓದುತ್ತಾ ಕೂತಿದ್ದೇವೆ.

ನಿಯಮ ಪುಸ್ತಕ: ಅದೇ ತೀರ್ಪು, ಸಾರ್ವಜನಿಕ ಸ್ವತ್ತಾದ್ದರಿಂದ ಸಾರ್ವಜನಿಕ ಹಿತಕ್ಕಾಗಿ ನಿಯಂತ್ರಣವೂ ಬೇಕು ಅಂತ ಹೇಳುತ್ತದೆ, ಆ ಅರ್ಧವನ್ನು ಬಿಡಬೇಡಿ. ನಿಷೇಧ ತಪ್ಪು ಎಂದು ನನಗೂ ಅನ್ನಿಸುತ್ತದೆ. ಆದರೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ಸಹಿ ಹಾಕಿದ್ದು ಬಾನುಲಿ ಕೇಂದ್ರ, ನೀವಲ್ಲ. ವಾದ ಗೆದ್ದು ಟ್ರಾನ್ಸ್‌ಮಿಟರ್ ಕಳೆದುಕೊಂಡರೆ ನಷ್ಟ ಕೇಳುಗರಿಗೆ.

ಗ್ರಾಮಸಭೆ: ಇಬ್ಬರೂ ದೆಹಲಿಯಲ್ಲಿ ನಿಂತು ಮಾತಾಡುತ್ತಿದ್ದೀರಿ. ತಾಲ್ಲೂಕಿನ ಜನಕ್ಕೆ ಬೇಕಾದದ್ದು ಯಾರು ಯಾವ ಪಕ್ಷಕ್ಕೆ ಹಾರಿದರು ಅನ್ನುವುದಲ್ಲ, ಹಣ ಎಲ್ಲಿ ಹೋಯಿತು ಅನ್ನುವುದು. ‘ವಾರದ ರಾಜಕೀಯ’ ಎಂಬ ಹೆಸರು ಬಿಟ್ಟು ‘ಪಂಚಾಯ್ತಿ ಕಡತ’ ಅಂತ ಮಾಡಿ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕಚೇರಿಯಿಂದ ಸಭೆಯ ನಡಾವಳಿ ತನ್ನಿ, ಕ್ರಿಯಾ ಯೋಜನೆ ತನ್ನಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60% ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು, ಉಳಿದ 40% ಸ್ಥಳೀಯ ಅಗತ್ಯಕ್ಕೆ. ನಿಮ್ಮ ಪಂಚಾಯ್ತಿಯಲ್ಲಿ ಆ 60% ಯಾವ ಯಾವ ಕಾಮಗಾರಿಗೆ ಹೋಯಿತು ಅಂತ ಸಾಲು ಸಾಲಾಗಿ ಓದಿದರೆ ಅರ್ಧ ಗಂಟೆ ಸಾಲದು. ಜಮಾಬಂದಿ ಅಂದರೇನು, ವಾರ್ಡ್ ಸಭೆಯ ಬೇಡಿಕೆ ಗ್ರಾಮಸಭೆಗೆ ಹೇಗೆ ಏರುತ್ತದೆ, ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಏನು ಕೇಳಬಹುದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಟ್ಟರೆ 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ ಯಾರಿಗೆ: ಇದೆಲ್ಲ ನಾಗರಿಕ ಶಿಕ್ಷಣ, ಸುದ್ದಿ ಅಲ್ಲ.

ಕಟ್ಟೆ ಮಾತು: ಸರಿ, ಓದಿದಿರಿ. ‘ಟ್ಯಾಂಕ್ ಕಟ್ಟಿದ್ದೇವೆ ಅಂತ ಕಾಗದದಲ್ಲಿದೆ, ಊರಲ್ಲಿ ಟ್ಯಾಂಕೇ ಇಲ್ಲ’ ಅಂತ ಕೇಳುಗರೊಬ್ಬರು ಹೇಳಿದರೆ ಆಗ ಅದು ಶಿಕ್ಷಣವೋ ಸುದ್ದಿಯೋ?

ನಿಯಮ ಪುಸ್ತಕ: ಒಳ್ಳೆಯ ಪ್ರಶ್ನೆ, ಇಲ್ಲೇ ಇರುವುದು ತೊಡಕು. ನೀರು-ಕರೆಂಟಿನ ವಿನಾಯಿತಿ ಸ್ಥಳೀಯ ಆಡಳಿತವೇ ಕೊಟ್ಟ ಪ್ರಕಟಣೆಗೆ ಮಾತ್ರ, ಆಡಳಿತದ ಮೇಲಿನ ದೂರಿಗಲ್ಲ. ಹಾಗಾಗಿ ದೂರನ್ನು ಆರೋಪವಾಗಿ ಬಿತ್ತರಿಸಬೇಡಿ. ದಾಖಲೆಯಲ್ಲಿರುವ ಸಾಲು ಓದಿ, ಕೇಳುಗರ ಪ್ರಶ್ನೆ ಹಾಕಿ, ಅದೇ ಕಂತಿನಲ್ಲಿ ಪಿಡಿಒ ಅಥವಾ ಎಂಜಿನಿಯರ್ ಉತ್ತರ ಹಾಕಿ. ಅವರು ಬರಲಿಲ್ಲ ಅಂದರೆ ಲಿಖಿತವಾಗಿ ಪ್ರಶ್ನೆ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ, ಉತ್ತರ ಬರುವ ತನಕ ಆ ಭಾಗ ತಡೆಹಿಡಿಯಿರಿ. ವ್ಯಕ್ತಿಯ ಹೆಸರು ಬೇಡ, ಹುದ್ದೆ ಸಾಕು. ಪಕ್ಷದ ಹೆಸರು ಹಿಡಿದು ಟೀಕಿಸುವುದು ಆಕಾಶವಾಣಿಯ ಪ್ರಸಾರ ಸಂಹಿತೆಗೇ ವಿರುದ್ಧ, ಆ ಸಂಹಿತೆ ನಿಮಗೂ ಅನ್ವಯ.

ಕಟ್ಟೆ ಮಾತು: ಅಂದರೆ ಉತ್ತರ ಕೊಡದೆ ಸುಮ್ಮನಿದ್ದವನೇ ಗೆದ್ದ. ಭೇಷ್.

ಗ್ರಾಮಸಭೆ: ಇದರಲ್ಲಿ ಅವರ ಮಾತು ಸರಿ. ತಡೆಹಿಡಿಯುವುದಕ್ಕೆ ಒಂದು ಗಡುವು ಇರಲಿ. ಎರಡು ವಾರ ಕಾದು, ‘ಈ ಪ್ರಶ್ನೆ ಇಂಥ ತಾರೀಖಿನಂದು ಕಳಿಸಿದ್ದೇವೆ, ಉತ್ತರ ಬಂದಿಲ್ಲ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗಿ. ವಿವರಣೆ ಬೇಡ, ವ್ಯಂಗ್ಯ ಬೇಡ.

ಫೇಡರ್: ವಿಷಯಕ್ಕಿಂತ ಮೊದಲು ಕೆಡುವುದು ಫೋನ್ ಕರೆ. ನೇರ ಪ್ರಸಾರದ ಕರೆಯನ್ನು ನಾನಂತೂ ಒಪ್ಪುವುದಿಲ್ಲ. ಯಾರೋ ಒಬ್ಬ ಶಾಸಕರ ಹೆಸರೆತ್ತಿ ಬೈದರೆ ಅದು ಗಾಳಿಗೆ ಹೋಗಿಯೇ ಹೋಯಿತು. ಬೇಕೇ ಬೇಕು ಅಂದರೆ 7 ಸೆಕೆಂಡ್ ತಡ ಮಾಡುವ ವ್ಯವಸ್ಥೆ ಇಟ್ಟು, ಕತ್ತರಿಸುವ ಗುಂಡಿಯ ಮುಂದೆ ನಿರೂಪಕರಲ್ಲದ ಇನ್ನೊಬ್ಬರನ್ನು ಕೂರಿಸಿ. ಆಗ ಸ್ಟುಡಿಯೋದಲ್ಲಿ ಯಾರೂ ರೇಡಿಯೋ ಹಾಕಿಕೊಂಡು ಕೇಳಕೂಡದು, ತಮ್ಮ ಮಾತೇ 7 ಸೆಕೆಂಡ್ ಬಿಟ್ಟು ಕಿವಿಗೆ ಬಿದ್ದರೆ ನಾಲಿಗೆ ತೊಡರುತ್ತದೆ. ಹೆಡ್‌ಫೋನ್‌ಗೆ ಮಿಕ್ಸರ್‌ನಿಂದಲೇ (ಎಲ್ಲ ದನಿ ಬೆರೆಸುವ ಯಂತ್ರ) ಕೊಡಿ. ಕರೆ ಮಾಡಿದವರಿಗೂ ಮನೆಯ ರೇಡಿಯೋ ಆಫ್ ಮಾಡಲು ಮೊದಲೇ ಹೇಳಿ.

ಕರೆ ಮಾಡಿದವರಿಗೆ ತಮ್ಮ ದನಿ ತಿರುಗಿ ಕೇಳಿಸುತ್ತಿದ್ದರೆ ತಪ್ಪು ಇರುವುದು ಆಕ್ಸ್ ಗುಂಡಿಯಲ್ಲಿ, ಅಂದರೆ ಯಾವ ದನಿ ಎಷ್ಟು ಫೋನಿಗೆ ಹೋಗಬೇಕು ಅಂತ ಹೊಂದಿಸುವ ಮಿಕ್ಸರ್‌ನ ಗುಂಡಿಯಲ್ಲಿ. ಫೋನಿಗೆ ಹೋಗುವ ಆಕ್ಸ್‌ನಲ್ಲಿ ನಾಲ್ಕೂ ಮೈಕ್ ಇರಲಿ, ಫೋನ್ ಚಾನೆಲ್‌ನ ಆಕ್ಸ್ ಮಾತ್ರ ಸೊನ್ನೆಯಲ್ಲಿರಲಿ. ಮೇನ್ ಔಟ್‌ಪುಟ್ಟನ್ನೇ ಫೋನಿಗೆ ಕೊಟ್ಟರೆ ಪ್ರತಿಧ್ವನಿ ಖಾತ್ರಿ. ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂತರೆ ಕಂಡೆನ್ಸರ್ ಮೈಕ್ ಬೇಡ, ಫ್ಯಾನ್ ಸದ್ದು, ಪಕ್ಕದವರ ಕೆಮ್ಮು ಎಲ್ಲ ಎಳೆದುಕೊಳ್ಳುತ್ತದೆ. ಡೈನಮಿಕ್ ಮೈಕ್, ಬಾಯಿಗೆ ನಾಲ್ಕು ಬೆರಳು ದೂರ, ಮಾತಾಡದವರ ಫೇಡರ್ (ದನಿ ಏರಿಳಿಸುವ ಜಾರುಗುಂಡಿ) ಅರ್ಧಕ್ಕೆ ಇಳಿಸಿ.

ನನ್ನ ಸಲಹೆ ಕೇಳಿದರೆ, ಗುರುವಾರದವರೆಗೆ ವಾಟ್ಸಾಪ್ ಧ್ವನಿ ಸಂದೇಶ ತರಿಸಿ, ಶುಕ್ರವಾರ ರೆಕಾರ್ಡ್ ಮಾಡಿ, ಶನಿವಾರ ಹಾಕಿ. ಕತ್ತರಿಸಿದ ಸಂದೇಶದ ಮೂಲ ಕಡತ ಅಳಿಸಬೇಡಿ, ‘ನನ್ನ ಮಾತು ತಿರುಚಿದರು’ ಅಂತ ನಾಳೆ ಯಾರಾದರೂ ಬಂದಾರು.

ಬಾನುಲಿ ಬಳಗ: ಪ್ರಸಾರದ ದಾಖಲೆ ಎಷ್ಟು ದಿನ ಇಡಬೇಕು?

ಫೇಡರ್: ಬಿತ್ತರಿಸಿದ್ದೆಲ್ಲವನ್ನೂ ಮೂರು ತಿಂಗಳು. 64 ಕೆಬಿಪಿಎಸ್ ಮೋನೋ ಎಂಪಿ3 ಗಂಟೆಗೆ 29 ಎಂಬಿ ಹತ್ತಿರ ಆಗುತ್ತದೆ. ದಿನಕ್ಕೆ 12 ಗಂಟೆ ಪ್ರಸಾರವಾದರೆ 90 ದಿನಕ್ಕೆ ಸುಮಾರು 31 ಜಿಬಿ, ಒಂದು 64 ಜಿಬಿ ಪೆನ್ ಡ್ರೈವ್ ಸಾಕು. ಆದರೆ ಪ್ಲೇಲಿಸ್ಟ್ ಕಡತಗಳನ್ನು ಎತ್ತಿಟ್ಟರೆ ಅದು ದಾಖಲೆ ಅಲ್ಲ. ಒಂದು ಎಫ್‌ಎಂ ರಿಸೀವರ್‌ನಿಂದ, ಗಾಳಿಗೆ ನಿಜಕ್ಕೂ ಹೋದದ್ದನ್ನು ರೆಕಾರ್ಡ್ ಮಾಡಿ. ಕಂಪ್ಯೂಟರಿನ ಗಡಿಯಾರವೂ ಸರಿಯಿರಬೇಕು, ಕರೆಂಟ್ ಹೋಗಿ ಬಂದ ಮೇಲೆ ತಾರೀಖು ಹಿಂದಕ್ಕೆ ಹೋಗಿದ್ದರೆ ಇಡೀ ವಾರದ ದಾಖಲೆ ವ್ಯರ್ಥ.

ಕಟ್ಟೆ ಮಾತು: ಇಷ್ಟೆಲ್ಲ ಗೋಜಲು ಯಾಕೆ, ರಾಜಕೀಯ ಚರ್ಚೆಯನ್ನು ಯೂಟ್ಯೂಬಿಗೆ ಹಾಕಿ.

ಗ್ರಾಮಸಭೆ: ಕೀಪ್ಯಾಡ್ ಫೋನಿಗೆ ಇಯರ್‌ಫೋನ್ ಸಿಕ್ಕಿಸಿ, ಅದರ ತಂತಿಯನ್ನೇ ಆಂಟೆನಾ ಮಾಡಿಕೊಂಡು ಹೊಲದಲ್ಲಿ ಕೇಳುವವರಿಗೆ ಯೂಟ್ಯೂಬ್ ಎಲ್ಲಿಂದ ಬರಬೇಕು?

ನಿಯಮ ಪುಸ್ತಕ: ಹಾಕುವುದಾದರೂ ಬಾನುಲಿ ಕೇಂದ್ರದ ಹೆಸರು, ಲಾಂಛನದಲ್ಲಿ ಬೇಡ. ಅಂತರ್ಜಾಲದ ಸುದ್ದಿಗೆ 2021ರ ಐಟಿ ನಿಯಮಗಳಿವೆ, ಅದು ಬೇರೆಯೇ ಹೊಣೆ. ಇನ್ನೊಂದು ವಿಷಯ, ಆಡಳಿತ ಮಂಡಳಿಗೆ ಇದನ್ನೂ ಹೇಳಿ: ಚುನಾವಣೆ ಘೋಷಣೆಯಾದ ದಿನದಿಂದ ಅತಿಥಿಗಳ ಪಟ್ಟಿ ಹೊಸದಾಗಿ ಪರಿಶೀಲಿಸಬೇಕು. ನಿರೂಪಕರೇ ನಾಮಪತ್ರ ಹಾಕುವವರಿದ್ದರೆ ಅವರ ಹಳೆಯ ಕಂತುಗಳ ಮರುಪ್ರಸಾರವನ್ನೂ ನಿಲ್ಲಿಸಿ. ಇದನ್ನು ಮರೆಯುವವರೇ ಹೆಚ್ಚು, ಏಕೆಂದರೆ ಮರುಪ್ರಸಾರ ಭಾನುವಾರ ಬೆಳಿಗ್ಗೆ ತಾನೇ ತಾನಾಗಿ ಓಡುತ್ತಿರುತ್ತದೆ.

ಬಾನುಲಿ ಬಳಗ: ಆಯಿತು. ‘ಪಂಚಾಯ್ತಿ ಕಡತ’ ಹೆಸರಿಟ್ಟು, ರೆಕಾರ್ಡ್ ಮಾಡಿಯೇ ಹಾಕುವುದು ಅಂತ ಮಂಡಳಿಯ ಮುಂದೆ ಇಡುತ್ತೇವೆ. ಉತ್ತರ ಬರದ ಪ್ರಶ್ನೆಗೆ ಎರಡು ವಾರದ ಗಡುವನ್ನೂ ಸೇರಿಸುತ್ತೇವೆ.

ಕಟ್ಟೆ ಮಾತು: ಒಂದು ವಾರ ಮಾಡಿ. ಎರಡು ವಾರದಲ್ಲಿ ಟ್ಯಾಂಕ್ ಕಟ್ಟಿಯೇ ಬಿಡುತ್ತಾರೆ.